ಟೈರ್ ಗುರುತನ್ನು ಕೆಡಿಸದೆ ಎತ್ತುವುದು, ಹೋಲಿಸುವುದು, ವರದಿ ಬರೆಯುವುದು: ಸಮಗ್ರ ಮಾರ್ಗದರ್ಶಿ

"ಹೋಲಿಕೆಗೆ ಸಾಕಷ್ಟು ವಿವರಗಳಿಲ್ಲ." ಟೈರ್ ಗುರುತು ಕಳುಹಿಸಿದ ಠಾಣೆಗೆ ಪ್ರಯೋಗಾಲಯದಿಂದ ಪದೇ ಪದೇ ಬರುವ ಉತ್ತರ ಇದು. ಕಾರಣ ಹುಡುಕಿಕೊಂಡು ಹೋದರೆ ಸಿಗುವುದು ಬಹುತೇಕ ಇವೇ: ಓರೆಯಾಗಿ ನಿಂತು ತೆಗೆದ ಫೋಟೊ, ಗುರುತಿನ ತಳಕ್ಕಿಂತ ಎತ್ತರದಲ್ಲಿ ಇಟ್ಟ ಸ್ಕೇಲು, ಮುಟ್ಟಿದರೆ ಉದುರುವ ಪ್ಲಾಸ್ಟರ್ ಎರಕ, ಟೈರಿನ ಒಂದು ಗೇಣು ಭಾಗಕ್ಕೆ ಮಾತ್ರ ಶಾಯಿ ಹಚ್ಚಿ ತೆಗೆದ ಮಾದರಿ. ಇವು ಯಾವುವೂ ಸೂಕ್ಷ್ಮದರ್ಶಕದ ಕೆಳಗೆ ನಡೆಯುವ ತಪ್ಪುಗಳಲ್ಲ. ಎಲ್ಲವೂ ಹೊಲದ ಬದುವಿನ ಮೇಲೆ, ರಸ್ತೆಯ ಪಕ್ಕದಲ್ಲಿ, ಠಾಣೆಯ ಆವರಣದಲ್ಲಿ ನಡೆಯುತ್ತವೆ.

ಈ ಕೈಪಿಡಿ ಸ್ಥಳಕ್ಕೆ ಮೊದಲು ತಲುಪುವ ಠಾಣಾ ಸಿಬ್ಬಂದಿಗೆ, ಸೋಕೊ (ಅಪರಾಧ ಸ್ಥಳ ಪರಿಶೀಲಿಸುವ) ಅಧಿಕಾರಿಗಳಿಗೆ ಮತ್ತು ವಿಧಿವಿಜ್ಞಾನದ ವಿದ್ಯಾರ್ಥಿಗಳಿಗೆ. ಪಾಟೀಸವಾಲು ಮಾಡುವ ವಕೀಲರೂ ಓದಬಹುದು. ಹಂತಗಳ ಕ್ರಮವನ್ನು ಮಾತ್ರ ಬದಲಿಸಬೇಡಿ. ಎರಕ ಹೊಯ್ದ ಮೇಲೆ ಫೋಟೊ ತೆಗೆಯಲಾಗದು, ಮಾದರಿಗಾಗಿ ಶಾಯಿ ಅಥವಾ ಜೆಲ್ಲಿ ಹಚ್ಚಿದ ಮೇಲೆ ಟೈರಿನ ಮಣ್ಣು ಸಂಗ್ರಹಿಸಲಾಗದು.

## ಮೊದಲು ಸಾಮಗ್ರಿ

ಕೈಯಿಂದ ಹೊಂದಿಸಬಹುದಾದ ಕ್ಯಾಮೆರಾ, ಟ್ರೈಪಾಡ್, ರಿಮೋಟ್ ಶಟರ್, ಉದ್ದ ತಂತಿಯ ಅಥವಾ ತಂತಿಯಿಲ್ಲದ ಫ್ಲ್ಯಾಶ್. ಎಲ್ ಆಕಾರದ ಚಪ್ಪಟೆ ಸ್ಕೇಲು, ಉಕ್ಕಿನ ಟೇಪು, ಪುಟ್ಟ ರಸಮಟ್ಟ. ಬೆಳಕು ಮರೆಮಾಡಲು ದೊಡ್ಡ ಕಪ್ಪು ಛತ್ರಿ. ಚಿಮುಟ, ಸೂಜಿಯಿಲ್ಲದ ಸಿರಿಂಜ್, ಹಿಟ್ಟು ಜರಡಿ, ಚೌಕಟ್ಟಿಗೆ ತಗಡಿನ ಪಟ್ಟಿಗಳು. ಟ್ರೆಡ್‌ನ (ಟೈರಿನಲ್ಲಿ ನೆಲ ಮುಟ್ಟುವ, ವಿನ್ಯಾಸವಿರುವ ಭಾಗ) ಆಳ ಅಳೆಯುವ ಗೇಜ್. ರಟ್ಟಿನ ಪೆಟ್ಟಿಗೆ, ಕಾಗದದ ಚೀಲ.

ಎಲ್ಲಕ್ಕಿಂತ ಮುಖ್ಯ ಡೆಂಟಲ್ ಸ್ಟೋನ್, ಅಂದರೆ ನೀರಿನಲ್ಲಿ ಕಲಸಿ ಎರಕ ಹೊಯ್ಯುವ ಜಿಪ್ಸಮ್ ಪುಡಿ. ದಂತವೈದ್ಯರಿಗೆ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಠಾಣೆಯಲ್ಲೇ ಒಂದು ದಿನ ಬಿಡುವು ಮಾಡಿಕೊಂಡು, ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲಗಳಲ್ಲಿ ತಲಾ 900 ಗ್ರಾಂ ತೂಗಿ ತುಂಬಿಡಿ. ಸ್ಥಳದಲ್ಲಿ ಅಳೆಯಬೇಕಾದದ್ದು ಆಗ ನೀರು ಮಾತ್ರ. ಚೀಲದೊಳಗೆ ತೇವ ಸೇರಿದರೆ ಪುಡಿ ಗಂಟು ಕಟ್ಟುತ್ತದೆ. ಮಳೆಗಾಲ ಕಳೆದ ಮೇಲೆ ಒಂದೊಂದನ್ನೂ ಹಿಸುಕಿ ನೋಡಿ, ಗಂಟು ಸಿಕ್ಕಿದ್ದನ್ನು ಎಸೆಯಿರಿ.

ಪ್ಲಾಸ್ಟರ್ ಆಫ್ ಪ್ಯಾರಿಸ್ ಯಾಕೆ ಬೇಡ? ಎರಡೂ ಮೂಲದಲ್ಲಿ ಒಂದೇ ಜಿಪ್ಸಮ್. ಆದರೆ ಪ್ಲಾಸ್ಟರಿನ ಹರಳುಗಳು ಸಡಿಲವಾಗಿರುವುದರಿಂದ ಅದು ಹೆಚ್ಚು ನೀರು ಕುಡಿಯುತ್ತದೆ, ಒಣಗಿದ ಮೇಲೆ ಮೆತ್ತಗೆ ಉಳಿಯುತ್ತದೆ. ಮಣ್ಣು ತೊಳೆಯಲು ಹೋದಾಗ ಮಣ್ಣಿನ ಜೊತೆ ಟೈರಿನ ಸೂಕ್ಷ್ಮ ಗೆರೆಗಳೂ ಉಜ್ಜಿ ಹೋಗುತ್ತವೆ. ಹಳೆಯ ಪಠ್ಯಗಳಲ್ಲಿ ಪ್ಲಾಸ್ಟರಿನೊಳಗೆ ಕಡ್ಡಿ, ತಂತಿ ಜಾಲರಿ ಹಾಕಿ ಎಂಬ ಸಲಹೆ ಇರುವುದು ಅದು ಮುರಿಯುತ್ತಿದ್ದುದರಿಂದಲೇ. ಪ್ಲಾಸ್ಟರನ್ನು ಗಣೇಶನ ಮೂರ್ತಿಗೂ ಬೇಡ ಎನ್ನುವ ಕಾಲದಲ್ಲಿ ಸಾಕ್ಷ್ಯಕ್ಕೆ ಬಳಸುವುದು ಇನ್ನೂ ಯಾಕೆ ನಿಂತಿಲ್ಲವೋ!

## ಹಂತ 1: ಗುರುತನ್ನು ಕಾಯುವುದು

ಸ್ಥಳಕ್ಕೆ ಬಂದ ಕೂಡಲೇ ಜೀಪನ್ನು ದೂರದಲ್ಲಿ, ಡಾಂಬರಿನ ಮೇಲೆ ನಿಲ್ಲಿಸಿ. ಹಲವು ಪ್ರಕರಣಗಳಲ್ಲಿ ಅತ್ಯಂತ ಸ್ಪಷ್ಟವಾಗಿ ಮೂಡಿರುವ ಟೈರ್ ಗುರುತು ಪೊಲೀಸ್ ಜೀಪಿನದೇ ಆಗಿರುತ್ತದೆ. ಆಂಬುಲೆನ್ಸ್, ಬೆಳಗಿನ ಹಾಲಿನ ವಾಹನ, ಮೊದಲು ನೋಡಿದವರ ಬೈಕು ಇವುಗಳ ಟೈರ್‌ಗಳ ಫೋಟೊವನ್ನು ಅಲ್ಲೇ ತೆಗೆದುಕೊಳ್ಳಿ. ಇವನ್ನು ಆಮೇಲೆ ಪಟ್ಟಿಯಿಂದ ತೆಗೆದುಹಾಕಲು ಅದು ಬೇಕು.

ನಡೆಯಲು ಒಂದೇ ಬದಿಯಲ್ಲಿ ಒಂದೇ ದಾರಿ ಗೊತ್ತುಮಾಡಿ. ಶ್ವಾನದಳ ಬರುವುದಿದ್ದರೆ ನಾಯಿಯ ದಾರಿಯನ್ನೂ ಮೊದಲೇ ಹೇಳಿ. ಜನ ಸೇರಿದ್ದರೆ ಪಂಚರನ್ನು ಬಿಟ್ಟು ಉಳಿದವರನ್ನು ಹಗ್ಗದ ಹೊರಗೆ ಕಳುಹಿಸಿ.

ಮಳೆ ಬರುವ ಲಕ್ಷಣವಿದ್ದರೆ ಗುರುತಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಬೇಡಿ. ಹಾಳೆ ಮಣ್ಣಿಗೆ ಅಂಟಿ, ಎತ್ತುವಾಗ ಅಂಚುಗಳನ್ನು ಕಿತ್ತುಕೊಂಡು ಬರುತ್ತದೆ. ನಾಲ್ಕು ಗೂಟ ನೆಟ್ಟು ಮೇಲೆ ಟಾರ್ಪಾಲ್ ಕಟ್ಟಿ, ಮೇಲ್ಭಾಗದಲ್ಲಿ ನೀರು ತಿರುಗಿಸಲು ಸಣ್ಣ ಕಾಲುವೆ ತೋಡಿ. ಮಲೆನಾಡಿನ ಮಳೆಯಲ್ಲಿ ಕೆಡುಕು ಮಾಡುವುದು ಮೇಲಿನಿಂದ ಬೀಳುವ ಹನಿಗಿಂತ ಇಳಿಜಾರಿನಲ್ಲಿ ಹರಿದು ಬರುವ ನೀರೇ. ಬಯಲುಸೀಮೆಯ ಎರೆಮಣ್ಣಿನಲ್ಲಿ ತೊಂದರೆ ಬೇರೆ: ಬಿಸಿಲು ಏರಿದಂತೆ ಗುರುತಿನ ನಡುವೆಯೇ ಬಿರುಕು ಬಿಡುತ್ತದೆ, ಅಳತೆ ಕುಗ್ಗುತ್ತದೆ. ಅಲ್ಲಿ ನೆರಳು ಮಾಡಿ, ಎರಕವನ್ನು ಮಧ್ಯಾಹ್ನಕ್ಕೆ ಮುಂದೂಡಬೇಡಿ.

## ಹಂತ 2: ಜಾಡನ್ನು ಓದಿ ಅಳೆಯುವುದು

ಗುರುತಿನ ಒಳವಿವರಕ್ಕೆ ಇಳಿಯುವ ಮೊದಲು ಇಡೀ ಜಾಡನ್ನು ನೋಡಿ. ವಾಹನ ಎಲ್ಲಿಂದ ಬಂತು, ಎಲ್ಲಿ ತಿರುಗಿತು, ಎಲ್ಲಿ ನಿಂತಿತು. ಒಂದು ನಕ್ಷೆ ಬರೆದು ಪ್ರತಿ ಗುರುತಿಗೂ ಸಂಖ್ಯೆ ಕೊಡಿ. ಫೋಟೊ, ಎರಕ, ಮಹಜರು ಎಲ್ಲದರಲ್ಲೂ ಅದೇ ಸಂಖ್ಯೆ ಇರಬೇಕು.

ಅಡ್ಡ ಅಂತರ. ಎಡ ಟೈರ್ ಗುರುತಿನ ನಡುಗೆರೆಯಿಂದ ಬಲ ಟೈರ್ ಗುರುತಿನ ನಡುಗೆರೆಗೆ, ಜಾಡಿಗೆ ಲಂಬವಾಗಿ ಅಳೆಯಿರಿ. ನೇರವಾಗಿ ಹೋದ ವಾಹನದಲ್ಲಿ ಹಿಂದಿನ ಟೈರು ಮುಂದಿನದರ ಗುರುತನ್ನು ತುಳಿದುಬಿಡುತ್ತದೆ. ಹಾಗಾಗಿ ನೇರ ಜಾಡಿನಲ್ಲಿ ಸಿಗುವುದು ಹಿಂದಿನ ಗಾಲಿಗಳ ಅಳತೆ. ತಿರುವಿನಲ್ಲಿ ಹಿಂದಿನ ಗಾಲಿಗಳು ಒಳಮಗ್ಗುಲಿಗೆ ಸರಿಯುವುದರಿಂದ ನಾಲ್ಕೂ ಗುರುತು ಬೇರೆ ಬೇರೆಯಾಗಿ ಸಿಗುತ್ತವೆ. ಆದ್ದರಿಂದ ತಿರುವನ್ನು ಹುಡುಕಿಕೊಂಡು ಹೋಗಿ. ಆದರೆ ಅಡ್ಡ ಅಂತರವನ್ನು ಬಿಗಿ ತಿರುವಿನಲ್ಲಿ ಅಳೆದರೆ ಸಂಖ್ಯೆ ತಪ್ಪಾಗುತ್ತದೆ.

ಮುಂದಿನ–ಹಿಂದಿನ ಅಂತರ. ವಾಹನ ನಿಂತು ಹಿಂದೆ ಬಂದು ತಿರುಗಿದ ಜಾಗದಲ್ಲಿ ಮುಂದಿನ ಟೈರಿನ ಗುರುತಿನ ಮುಂತುದಿಯಿಂದ ಅದೇ ಬದಿಯ ಹಿಂದಿನ ಟೈರಿನ ಗುರುತಿನ ಮುಂತುದಿಗೆ ಅಳೆಯಿರಿ. ಈ ಒಂದು ಅಳತೆ ಅನುಮಾನದ ಪಟ್ಟಿಯನ್ನು ಬೇಗ ಕಿರಿದಾಗಿಸುತ್ತದೆ: ಮಾರುತಿ ಓಮ್ನಿಯ ಚಕ್ರಾಂತರ (ಮುಂದಿನ–ಹಿಂದಿನ ಗಾಲಿಗಳ ಅಂತರ) 1840 ಮಿ.ಮೀ., ಆಲ್ಟೊ 800ರದು 2360, ಬೊಲೆರೊದ್ದು 2680, ಇನ್ನೋವಾದ್ದು 2750. ಮಣ್ಣಿನಲ್ಲಿ ಕೆಲವು ಸೆಂಟಿಮೀಟರ್ ಆಚೀಚೆ ಆಗುವುದು ಸಹಜ. ಆದ್ದರಿಂದ ಓಮ್ನಿಯೋ ಬೊಲೆರೊವೋ ಎಂದು ಹೇಳಬಹುದು, ಬೊಲೆರೊವೋ ಇನ್ನೋವಾವೋ ಎಂದು ಹೇಳಲು ಹೋಗಬಾರದು.

ಸುತ್ತಳತೆ. ಟೈರಿನಲ್ಲಿ ಸಿಕ್ಕಿಕೊಂಡ ಕಲ್ಲು ಅಥವಾ ಕೊಯ್ದ ಜಾಗ ಮಣ್ಣಿನಲ್ಲಿ ಒಂದೇ ಅಂತರದಲ್ಲಿ ಮರುಕಳಿಸುತ್ತದೆ. ಆ ಅಂತರವೇ ಟೈರಿನ ಒಂದು ಸುತ್ತು. 205/65 ಆರ್15 ಟೈರನ್ನು ತೆಗೆದುಕೊಳ್ಳಿ: ಅಗಲ 205 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 65, ಅಂದರೆ 133. ಎರಡು ಗೋಡೆ ಮತ್ತು 15 ಇಂಚಿನ ರಿಮ್ ಸೇರಿ ವ್ಯಾಸ ಸುಮಾರು 647. ಸುತ್ತಳತೆ ಸುಮಾರು 2.03 ಮೀಟರ್. ಆಲ್ಟೊ 800ರ 145/80 ಆರ್12ಕ್ಕೆ ಅದು ಸುಮಾರು 1.69 ಮೀಟರ್. ಭಾರ ಬಿದ್ದು ಉರುಳುವಾಗ, ಸವೆದಿರುವಾಗ ಇದಕ್ಕಿಂತ ಸ್ವಲ್ಪ ಕಡಿಮೆ ಬರುತ್ತದೆ.

ಜಾಡಿನ ಆಕಾರವೂ ಮಾತನಾಡುತ್ತದೆ. ಎರಡು ಜಾಡುಗಳ ನಡುವೆ ಮೂರನೆಯದಿದ್ದರೆ ಆಟೊ ಅಥವಾ ಮೂರು ಚಕ್ರದ ಸರಕು ಗಾಡಿ. ಹಿಂದೆ ಜೋಡಿ ಟೈರಿನ ಗುರುತಿದ್ದರೆ ಲಾರಿ, ಬಸ್ಸು, ಟಿಪ್ಪರ್. ಬೈಕಿನ ಟೈರು ದುಂಡಗಿರುವುದರಿಂದ ನೇರ ಓಟದಲ್ಲಿ ನಡುವಿನ ಪಟ್ಟಿ ಮಾತ್ರ ಮೂಡುತ್ತದೆ, ವಾಲಿದಾಗ ಅಂಚಿನ ವಿನ್ಯಾಸ ಬರುತ್ತದೆ. ಹೀಗೆ ಒಂದೇ ಬೈಕು ಎರಡು ಬೇರೆ ಟೈರಿನಂತೆ ಕಾಣುವುದುಂಟು.

ಟ್ರ್ಯಾಕ್ಟರಿನ ದೊಡ್ಡ ಗಾಲಿಯ ವಿ ಆಕಾರದ ಲಗ್‌ಗಳಿಂದ (ಉಬ್ಬು ಪಟ್ಟಿಗಳಿಂದ) ದಿಕ್ಕು ತಿಳಿಯುತ್ತದೆ, ಆದರೆ ಇಲ್ಲಿ ಹಲವರು ತಿರುವುಮುರುವು ಓದುತ್ತಾರೆ. ಸರಿಯಾಗಿ ಜೋಡಿಸಿದ ಟೈರಿನಲ್ಲಿ ವಿ ಚೂಪು ಮೊದಲು ನೆಲ ಮುಟ್ಟುತ್ತದೆ, ಆಮೇಲೆ ಅದರ ತೆರೆದ ತುದಿಗಳು. ಆದ್ದರಿಂದ ಮಣ್ಣಿನಲ್ಲಿ ಚೂಪು ಹಿಂದಕ್ಕೂ ತೆರೆದ ಬಾಯಿ ಮುಂದಕ್ಕೂ ಇರುತ್ತದೆ. ಟೈರನ್ನು ಉಲ್ಟಾ ಹಾಕಿದ್ದರೆ ಇದೂ ಉಲ್ಟಾ. ಒಂದೇ ಲಕ್ಷಣ ನಂಬಿ ದಿಕ್ಕು ಬರೆಯಬೇಡಿ. ಚಿಮ್ಮಿದ ಮಣ್ಣು, ಮಲಗಿದ ಹುಲ್ಲು ಕೂಡ ನೋಡಿ.

## ಹಂತ 3: ಫೋಟೊ

ಎರಕ ಮುರಿದರೂ ಉಳಿಯುವುದು ಫೋಟೊ. ಹಾಗಾಗಿ ಎರಕ ಚೆನ್ನಾಗಿ ಬರುತ್ತದೆ ಎಂಬ ಧೈರ್ಯದಲ್ಲಿ ಇಲ್ಲಿ ಅವಸರ ಮಾಡಬೇಡಿ.

ಮೊದಲು ಸ್ಥಳದ ಒಟ್ಟು ನೋಟ, ನಂತರ ಗುರುತು ಮತ್ತು ಹತ್ತಿರದ ಒಂದು ಸ್ಥಿರ ವಸ್ತು ಸೇರಿದ ನೋಟ, ಕೊನೆಗೆ ಹೋಲಿಕೆಗೆ ಬೇಕಾದ ಹತ್ತಿರದ ಚಿತ್ರಗಳು. ಮೊದಲ ಎರಡನ್ನು ಮೊಬೈಲಿನಲ್ಲಿ ತೆಗೆದರೂ ನಡೆಯುತ್ತದೆ. ಮೂರನೆಯದು ನಡೆಯದು.

1. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಗುರುತಿಗೆ ನೇರ ಮೇಲೆ ನಿಲ್ಲಿಸಿ. ಕ್ಯಾಮೆರಾದ ಬೆನ್ನು ಗುರುತಿನ ಮೇಲ್ಮೈಗೆ ಸಮಾನಾಂತರವಾಗಿರಬೇಕು. ನೆಲ ಇಳಿಜಾರಾಗಿದ್ದರೆ ಕ್ಯಾಮೆರಾವೂ ಅಷ್ಟೇ ವಾಲಬೇಕು. ರಸಮಟ್ಟವನ್ನು ನೆಲದ ಮೇಲೂ ಕ್ಯಾಮೆರಾದ ಮೇಲೂ ಇಟ್ಟು ಹೋಲಿಸಿ.

2. ಗುರುತಿನ ಪಕ್ಕದಲ್ಲಿ ಮಣ್ಣು ಕೆರೆದು ಸ್ಕೇಲನ್ನು ಗುರುತಿನ ತಳದ ಮಟ್ಟಕ್ಕೆ ಇಳಿಸಿ. ಗುರುತು 4 ಸೆಂ.ಮೀ. ಆಳವಿದ್ದು ಸ್ಕೇಲು ಮೇಲೆ ಇದ್ದರೆ, ಅದು ಕ್ಯಾಮೆರಾಕ್ಕೆ ಹತ್ತಿರವಾಗಿ ದೊಡ್ಡದಾಗಿ ಕಾಣುತ್ತದೆ. ಆ ಸ್ಕೇಲನ್ನು ನಂಬಿ ಚಿತ್ರವನ್ನು ನಿಜ ಗಾತ್ರಕ್ಕೆ ತಂದಾಗ ಟೈರು ಇರುವುದಕ್ಕಿಂತ ಚಿಕ್ಕದಾಗುತ್ತದೆ, ನಿಜವಾದ ಟೈರನ್ನೇ "ಇದಲ್ಲ" ಎಂದು ತಳ್ಳಿಹಾಕುವ ಅಪಾಯ ಬರುತ್ತದೆ. ಕೆರೆಯುವಾಗ ಮಣ್ಣು ಗುರುತಿನೊಳಗೆ ಬೀಳಬಾರದು.

3. ಛತ್ರಿಯಿಂದ ಬಿಸಿಲು ಮರೆಮಾಡಿ, ಫ್ಲ್ಯಾಶನ್ನು ಒಂದು ಮೀಟರಿಗಿಂತ ಹೆಚ್ಚು ದೂರದಿಂದ ತಗ್ಗು ಕೋನದಲ್ಲಿ ಹಿಡಿಯಿರಿ. ತೆಳುವಾದ ಗುರುತಿಗೆ ಬೆಳಕು ನೆಲ ಸವರಿಕೊಂಡು ಬರಬೇಕು. ಆಳವಾದದ್ದಕ್ಕೆ ಕೋನ ಏರಿಸದಿದ್ದರೆ ಅಂಚಿನ ನೆರಳು ತಳವನ್ನೇ ಮುಚ್ಚುತ್ತದೆ. ಕನಿಷ್ಠ ಮೂರು ದಿಕ್ಕಿನಿಂದ ತೆಗೆಯಿರಿ, ಸಾಧ್ಯವಾದರೆ ನಾಲ್ಕರಿಂದಲೂ. ಈ ನಡುವೆ ಕ್ಯಾಮೆರಾ, ಸ್ಕೇಲು ಕದಲಬಾರದು. ಫ್ಲ್ಯಾಶ್ ಇಲ್ಲದ ಒಂದು ಚಿತ್ರವೂ ಇರಲಿ.

4. ಅಪರ್ಚರ್ ಎಫ್/11 ಅಥವಾ ಎಫ್/16, ಐಎಸ್‌ಒ ಕಡಿಮೆ. ಫೋಕಸ್ ಗುರುತಿನ ತಳದ ಮೇಲೆ, ಅಂಚಿನ ಹುಲ್ಲಿನ ಮೇಲಲ್ಲ. ಕಡತ ರಾ (RAW, ಕುಗ್ಗಿಸದ ಮೂಲ) ರೂಪದಲ್ಲಿ.

5. ಉದ್ದನೆಯ ಜಾಡಿನಲ್ಲಿ ಪಕ್ಕಕ್ಕೆ ಟೇಪು ಚಾಚಿಟ್ಟು, ಸುಮಾರು 30 ಸೆಂ.ಮೀ. ತುಂಡುಗಳಾಗಿ ತೆಗೆಯಿರಿ, ಪ್ರತಿ ಚಿತ್ರವೂ ಹಿಂದಿನದರ ಮೇಲೆ ಸ್ವಲ್ಪ ಹೊದಿಕೆಯಾಗಿ ಬರಲಿ. ಸಾಧ್ಯವಿದ್ದಲ್ಲಿ ಟೈರಿನ ಒಂದು ಪೂರ್ತಿ ಸುತ್ತು, ಅಂದರೆ ಕಾರಿಗೆ ಸುಮಾರು ಎರಡು ಮೀಟರ್. "ಚೆನ್ನಾಗಿರುವ ಭಾಗ" ಮಾತ್ರ ತೆಗೆದು ಬಂದರೆ, ಟೈರನ್ನು ಪ್ರತ್ಯೇಕಿಸುವ ಕೊಯ್ತ ಉಳಿದ ಭಾಗದಲ್ಲೇ ಇದ್ದಿರಬಹುದು.

ಎಚ್ಚರಿಕೆ: ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಚಿತ್ರ ಕುಗ್ಗಿ ವಿವರ ಕಳೆದುಕೊಳ್ಳುತ್ತದೆ. ಅದು ಮೇಲಧಿಕಾರಿಗೆ ವಿಷಯ ತಿಳಿಸಲು ಸಾಕು, ಹೋಲಿಕೆಗೆ ಅಲ್ಲ. ಮೂಲ ಕಡತವನ್ನು ಹಾಗೆಯೇ ಉಳಿಸಿ, ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲ ಎಂದು ತೋರಿಸುವ ಸಂಕೇತ) ದಾಖಲಿಸಿ. ವಿದ್ಯುನ್ಮಾನ ದಾಖಲೆಗೆ ಕೊಡಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರಕ್ಕೆ ಅದು ಬೇಕು. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ತಜ್ಞರ ಭೇಟಿ ಮತ್ತು ವಿಡಿಯೊ ಚಿತ್ರೀಕರಣವನ್ನು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 176(3) ಹೇಳುತ್ತದೆ. ವಿಡಿಯೊ ಆಯಿತೆಂದು ಸ್ಥಿರಚಿತ್ರ ಬಿಡಬೇಡಿ. ವಿಡಿಯೊದಿಂದ ಟೈರಿನ ಗೆರೆ ಅಳೆಯಲಾಗದು.

## ಹಂತ 4: ಎರಕ

ಗುರುತಿನ ಮೇಲೆ ಆಮೇಲೆ ಬಿದ್ದ ಎಲೆ, ಕಡ್ಡಿಗಳನ್ನು ಚಿಮುಟದಿಂದ ಎತ್ತಿ. ಟೈರು ತುಳಿದು ಮಣ್ಣಿನೊಳಗೆ ಒತ್ತಿರುವ ಎಲೆಯನ್ನು ಮುಟ್ಟಬೇಡಿ. ಅದು ಗುರುತಿನ ಭಾಗ. ಸುತ್ತಲೂ ತಗಡಿನ ಚೌಕಟ್ಟು ನಿಲ್ಲಿಸಿ. ಗುರುತಿಗೆ ತೀರ ಹತ್ತಿರ ಒತ್ತಿದರೆ ಅಂಚು ಕುಸಿಯುತ್ತದೆ.

ಎಷ್ಟು ಪುಡಿ ಬೇಕು? 60 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲ, 2.5 ಸೆಂ.ಮೀ. ದಪ್ಪದ ಎರಕಕ್ಕೆ 900 ಗ್ರಾಂನ ನಾಲ್ಕರಿಂದ ಐದು ಚೀಲ ಬೇಕಾಗುತ್ತದೆ. ಎರಡು ಚೀಲ ಹಿಡಿದು ಹೋದವರು ಅರ್ಧದಲ್ಲಿ ನಿಲ್ಲಿಸಿ ತೆಳ್ಳನೆಯ ಎರಕ ಮಾಡುತ್ತಾರೆ, ಅದು ಎತ್ತುವಾಗಲೇ ಎರಡು ತುಂಡು. ಎಲ್ಲ ಚೀಲಗಳನ್ನೂ ಒಟ್ಟಿಗೆ ಕಲಸಲು ಜನ ಇರಬೇಕು. ಮೊದಲ ಚೀಲ ಗಟ್ಟಿಯಾದ ಮೇಲೆ ಎರಡನೆಯದನ್ನು ಹೊಯ್ದರೆ ಪದರ ಬಿಡುತ್ತದೆ.

ಪ್ರತಿ ಚೀಲಕ್ಕೆ 300ರಿಂದ 350 ಮಿ.ಲೀ. ತಣ್ಣನೆಯ ಶುದ್ಧ ನೀರು. ತಯಾರಕರು ಚೀಲದ ಮೇಲೆ ಬೇರೆ ಪ್ರಮಾಣ ಬರೆದಿದ್ದರೆ ಅದನ್ನು ಅನುಸರಿಸಿ. ಬಿಸಿ ನೀರು ಅಥವಾ ಉಪ್ಪು ನೀರು ಬೇಡ, ಎರಡೂ ಬೇಗ ಗಟ್ಟಿಮಾಡುತ್ತವೆ. ಕರಾವಳಿಯಲ್ಲಿ ಬಾವಿ ನೀರು ಉಪ್ಪಾಗಿದ್ದರೆ ನೀರನ್ನೂ ಹೊತ್ತು ಹೋಗಿ. ಜಿಪ್ ಮುಚ್ಚಿ ಮೂರರಿಂದ ಐದು ನಿಮಿಷ, ಮೂಲೆಗಳಲ್ಲಿ ಒಣ ಪುಡಿ ಉಳಿಯದಂತೆ ಹಿಸುಕಿ. ಹದ ದೋಸೆ ಹಿಟ್ಟಿನಂತಿರಬೇಕು: ಹರಿಯಬೇಕು, ಆದರೆ ನೀರಾಗಿರಬಾರದು. ನೀರು ಹೆಚ್ಚಾದರೆ ಎರಕ ಮೆತ್ತಗಾಗುತ್ತದೆ, ಕಡಿಮೆಯಾದರೆ ಸಣ್ಣ ಗೆರೆಗಳೊಳಗೆ ಇಳಿಯುವುದಿಲ್ಲ.

ಹೊಯ್ಯುವಾಗ ಚೀಲದ ಮೂಲೆ ಕತ್ತರಿಸಿ, ಗುರುತಿನ ಹೊರಗಿನ ನೆಲದ ಮೇಲೆ ಸುರಿದು ಅದು ತಾನಾಗಿ ಗುರುತಿನೊಳಗೆ ಹರಿಯಲು ಬಿಡಿ. ಜಾಗವಿಲ್ಲದಿದ್ದರೆ ಒಂದು ಸೌಟಿನ ಮೇಲೆ ಬೀಳಿಸಿ ವೇಗ ತಗ್ಗಿಸಿ. ನಾಲ್ಕಡಿ ಎತ್ತರದಿಂದ ನೇರ ಸುರಿದದ್ದು ಟೈರಿನ ಗೆರೆಯನ್ನು ಅಳಿಸಿ ತನ್ನದೇ ಗುಳಿ ಮಾಡುತ್ತದೆ.

ಮೇಲ್ಮೈ ಹೊಳಪು ಕಳೆದುಕೊಂಡು ಇನ್ನೂ ಮೆತ್ತಗಿರುವಾಗ ಕಡ್ಡಿಯಿಂದ ಅಪರಾಧ ಸಂಖ್ಯೆ, ಗುರುತಿನ ಸಂಖ್ಯೆ, ದಿನಾಂಕ, ಸಹಿಯ ಮೊದಲಕ್ಷರ, ಉತ್ತರ ದಿಕ್ಕಿನ ಬಾಣ ಬರೆಯಿರಿ. ಗಟ್ಟಿಯಾಗುವಾಗ ಎರಕ ಬೆಚ್ಚಗಾಗುತ್ತದೆ, ಗಾಬರಿ ಬೇಡ. ಬೇಸಿಗೆಯಲ್ಲಿ ಅರ್ಧ ಗಂಟೆ, ತಂಪು ಹವೆಯಲ್ಲಿ ಒಂದು ಗಂಟೆ ಅಥವಾ ಹೆಚ್ಚು ಬಿಡಿ. ಎತ್ತುವಾಗ ಒಂದು ತುದಿ ಹಿಡಿದು ಕೀಳಬೇಡಿ. ಸುತ್ತಲಿನ ಮಣ್ಣು ಬಿಡಿಸಿ, ಉದ್ದಕ್ಕೂ ಕೆಳಗಿನಿಂದ ಸಲಿಕೆ ತೂರಿಸಿ, ಇಬ್ಬರು ಸೇರಿ ಮಣ್ಣಿನ ಸಮೇತ ಎತ್ತಿ.

ಸ್ಥಳದಲ್ಲೇ ಎರಕವನ್ನು ತೊಳೆಯುವುದು ಅತಿ ಸಾಮಾನ್ಯವಾದ ತಪ್ಪು. ಟೈರಿನ ವಿನ್ಯಾಸ ಕಾಣಿಸಿತೋ ಎಂದು ನೋಡುವ ಆಸೆ ಎಲ್ಲರಿಗೂ. ತಡೆದುಕೊಳ್ಳಿ. ಒಂದೆರಡು ದಿನ ಗಾಳಿಯಲ್ಲಿ ಒಣಗಿದ ಮೇಲೆ, ಪ್ರಯೋಗಾಲಯದವರೇ ಮೊದಲು ಮಣ್ಣಿನ ಮಾದರಿ ತೆಗೆದಿಟ್ಟು, ಅನಂತರ ಮೃದು ಬ್ರಷ್ ಬಳಸಲಿ.

ವಿಶೇಷ ಸಂದರ್ಭಗಳು ಎರಡು. ಗುರುತಿನಲ್ಲಿ ನೀರು ನಿಂತಿದ್ದರೆ ಮೊಗೆಯಬೇಡಿ. ಅಂಚಿನಿಂದ ಸಿರಿಂಜಿನಲ್ಲಿ ಸಾಧ್ಯವಾದಷ್ಟು ನೀರು ಎಳೆದು, ಉಳಿದ ನೀರಿನ ಮೇಲೆ ಒಣ ಪುಡಿಯನ್ನು ಜರಡಿಯಿಂದ ಉದುರಿಸಿ, ತಳ ಮುಚ್ಚಿದ ಮೇಲೆ ತುಸು ಗಟ್ಟಿ ಹದದ ಹಿಟ್ಟು ಹೊಯ್ಯಿರಿ. ಇನ್ನೊಂದು ಒಣ ಮರಳು ಮತ್ತು ಸಡಿಲ ಧೂಳು. ಫೋಟೊ ಮುಗಿದ ಮೇಲೆ ಹೇರ್ ಸ್ಪ್ರೇಯನ್ನು ಗುರುತಿನ ಮೇಲೆ ಗಾಳಿಯಲ್ಲಿ ಸಿಂಪಡಿಸಿ, ಮಂಜಿನಂತೆ ಇಳಿದು ಕೂರಲಿ. ಡಬ್ಬಿಯ ಮೂತಿಯನ್ನು ಮರಳಿಗೆ ಗುರಿಯಿಟ್ಟರೆ ಗಾಳಿಯ ರಭಸಕ್ಕೆ ಗುರುತೇ ಹಾರಿಹೋಗುತ್ತದೆ.

## ಹಂತ 5: ಚಪ್ಪಟೆ ಗುರುತುಗಳು

ಸಿಮೆಂಟ್ ನೆಲ, ಟೈಲ್ಸ್, ರಟ್ಟು, ಬಟ್ಟೆಯ ಮೇಲಿನ ಗುರುತಿಗೆ ಎರಕವಿಲ್ಲ. ಒಣ ನೆಲದ ಮೇಲಿನ ಒಣ ಧೂಳಿನ ಗುರುತನ್ನು ಸ್ಥಿರವಿದ್ಯುತ್ ಉಪಕರಣದ ಕಪ್ಪು ಫಿಲ್ಮಿನಿಂದ ಎತ್ತಬಹುದು. ಒದ್ದೆಯಾಗಿ ಮೂಡಿ ಒಣಗಿದ ಗುರುತಿಗೆ ಅದು ಕೆಲಸ ಮಾಡುವುದಿಲ್ಲ, ಜೆಲಾಟಿನ್ ಹಾಳೆ ಬೇಕು. ಎರಡೂ ಇದ್ದರೆ ಮೊದಲು ಸ್ಥಿರವಿದ್ಯುತ್, ನಂತರ ಜೆಲಾಟಿನ್.

ಗುದ್ದಿ ಪರಾರಿಯಾದ ಪ್ರಕರಣಗಳಲ್ಲಿ ಗುರುತು ಗಾಯಾಳುವಿನ ಬಟ್ಟೆಯ ಮೇಲಿರುತ್ತದೆ, ಅದನ್ನು ಆಸ್ಪತ್ರೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲಕ್ಕೆ ತುರುಕುವ ಅಭ್ಯಾಸ ಎಲ್ಲೆಡೆ ಇದೆ. ಬಟ್ಟೆಯನ್ನು ಹರಡಿ ನೆರಳಲ್ಲಿ ಒಣಗಿಸಿ, ಗುರುತಿನ ಮೇಲೆ ಶುಭ್ರ ಕಾಗದ ಇಟ್ಟು, ಗುರುತು ಮಡಿಕೆಗೆ ಸಿಗದಂತೆ ಕಾಗದದಲ್ಲಿ ಕಟ್ಟಿ. ಗಾಢ ಬಣ್ಣದ ಬಟ್ಟೆಯಲ್ಲಿ ಕಣ್ಣಿಗೆ ಕಾಣದ್ದು ಇನ್‌ಫ್ರಾರೆಡ್ ಫೋಟೊದಲ್ಲಿ ಕಾಣಬಹುದು. ಹಾಗಾಗಿ "ಏನೂ ಇಲ್ಲ" ಎಂದು ಬರೆಯಲು ಆತುರ ಬೇಡ.

## ಹಂತ 6: ಮಹಜರು ಮತ್ತು ರವಾನೆ

ಮಹಜರಿನಲ್ಲಿ ಗುರುತಿನ ಸಂಖ್ಯೆ, ಸ್ಥಿರ ವಸ್ತುವಿನಿಂದ ದೂರ, ಉದ್ದ, ಅಗಲ, ದಿಕ್ಕು, ಎರಕ ಹೊಯ್ದ ಮತ್ತು ಎತ್ತಿದ ಸಮಯ ಬರೆಯಿರಿ. ಎರಕವನ್ನು ರಟ್ಟಿನ ಪೆಟ್ಟಿಗೆಯಲ್ಲಿ ಮೆತ್ತೆಯ ಮೇಲಿಡಿ. ಹಸಿ ಎರಕವನ್ನು ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ. ಪ್ರಯೋಗಾಲಯಕ್ಕೆ ಬರೆಯುವ ಪ್ರಶ್ನೆ "ಗುರುತು ಹೊಂದುತ್ತದೆಯೇ" ಎಂದಷ್ಟೇ ಇರಬಾರದು. ಯಾವ ಸಂಖ್ಯೆಯ ಗುರುತನ್ನು ಯಾವ ಟೈರಿನ ಜೊತೆ ಹೋಲಿಸಬೇಕು ಎಂದು ಬಿಡಿಸಿ ಬರೆಯಿರಿ.

## ಹಂತ 7: ಅನುಮಾನಿತ ವಾಹನ

ವಾಹನವನ್ನು ಸ್ಥಳಕ್ಕೆ ತಂದು ಗುರುತಿನ ಮೇಲೆ ಹತ್ತಿಸಿ ನೋಡುವುದು ಕೆಲವೆಡೆ ಇನ್ನೂ ನಡೆಯುತ್ತದೆ. ಆ ಕ್ಷಣಕ್ಕೆ ಸಾಕ್ಷ್ಯ ಮುಗಿಯಿತು: ಅಲ್ಲಿನ ಮಣ್ಣು ಟೈರಿಗೆ ಅಂಟಿತು, ಟೈರಿನ ಗುರುತು ಅಲ್ಲಿ ಮೂಡಿತು.

ಸಾಧ್ಯವಾದರೆ ವಾಹನವನ್ನು ಓಡಿಸದೆ, ವಾಹನಗಳನ್ನು ಎತ್ತಿ ಸಾಗಿಸುವ ಗಾಡಿಯಲ್ಲಿ ಠಾಣೆಗೆ ತನ್ನಿ. ಕಿಲೋಮೀಟರ್ ಓದು ದಾಖಲಿಸಿ. ಘಟನೆಯ ನಂತರ ಬಹಳ ಓಡಿದ್ದರೆ ಸಣ್ಣ ಕೊಯ್ತಗಳು ಸವೆದು ಮಾಯವಾಗಿರುತ್ತವೆ, ಹೊಸವು ಹುಟ್ಟಿರುತ್ತವೆ. ಟೈರಿನ ಗೆರೆಗಳಲ್ಲಿನ ಮಣ್ಣು, ನೂಲು, ರಕ್ತದಂಥ ಕಲೆ ಇವನ್ನು ಬೇರೆ ಬೇರೆ ಕಾಗದದ ಲಕೋಟೆಗಳಲ್ಲಿ ಮೊದಲು ತೆಗೆಯಿರಿ. ಸಿಕ್ಕಿಕೊಂಡ ಕಲ್ಲನ್ನು ಕೀಳಬೇಡಿ, ಫೋಟೊ ತೆಗೆದು ಜಾಗ ಗುರುತಿಸಿ.

ಪ್ರತಿ ಟೈರಿನದೂ ಪ್ರತ್ಯೇಕ ದಾಖಲೆ: ಯಾವ ಜಾಗದ್ದು, ಕಂಪನಿ, ವಿನ್ಯಾಸದ ಹೆಸರು, ಅಳತೆ, ತಯಾರಿಕೆಯ ವಾರ ಮತ್ತು ವರ್ಷ ಹೇಳುವ ನಾಲ್ಕು ಅಂಕಿಗಳು (2319 ಎಂದರೆ 2019ರ 23ನೇ ವಾರ), ಗಾಳಿಯ ಒತ್ತಡ, ಪ್ರತಿ ಗೆರೆಯ ಆಳ. ಸ್ಟೆಪ್ನಿಯನ್ನು ಮರೆಯಬೇಡಿ. ಘಟನೆಯ ನಂತರ ಬದಲಾಯಿಸಿದ ಟೈರು ಹಲವು ಸಲ ಡಿಕ್ಕಿಯಲ್ಲೇ ಮಲಗಿರುತ್ತದೆ.

ಲಾರಿಗಳಲ್ಲಿ ರಿಸೋಲ್ ಮಾಡಿದ ಟೈರು ಮಾಮೂಲು. ಪಕ್ಕದ ಗೋಡೆಯ ಮೇಲಿನ ಕಂಪನಿ ಒಂದು, ಮೇಲೆ ಅಂಟಿಸಿದ ಟ್ರೆಡ್ ಮತ್ತೊಂದು. ಗೋಡೆಯ ಹೆಸರು ನೋಡಿ ಕ್ಯಾಟಲಾಗಿನಲ್ಲಿ ವಿನ್ಯಾಸ ಹುಡುಕಿದರೆ ದಾರಿ ತಪ್ಪುತ್ತದೆ. ಅಂಟಿಸಿದ ಪಟ್ಟಿಯ ಎರಡು ತುದಿ ಸೇರಿದ ಜಾಗದಲ್ಲಿ ವಿನ್ಯಾಸ ಮುರಿದಿದ್ದರೆ ಅದನ್ನು ತಪ್ಪದೆ ದಾಖಲಿಸಿ, ಹೋಲಿಕೆಯಲ್ಲಿ ಅದಕ್ಕೆ ಬಹಳ ಬೆಲೆ.

## ಹಂತ 8: ಮಾದರಿ ಗುರುತು

ಟೈರನ್ನು ಬಿಚ್ಚಿ ಕೈಯಲ್ಲಿ ಉರುಳಿಸಿದರೆ ಪ್ರಯೋಜನವಿಲ್ಲ. ವಾಹನದ ಭಾರ ಬಿದ್ದಾಗ ರಬ್ಬರು ಹರಡುತ್ತದೆ, ಸವೆದ ಭಾಗವೂ ನೆಲ ಮುಟ್ಟುತ್ತದೆ. ಟೈರು ವಾಹನದಲ್ಲೇ ಇರಲಿ, ಗಾಳಿ ಸಿಕ್ಕಾಗ ಇದ್ದಷ್ಟೇ ಇರಲಿ.

ಸುತ್ತಳತೆಗಿಂತ ಉದ್ದವಾಗಿ ಬಿಳಿ ಚಾರ್ಟ್ ಹಾಳೆಗಳನ್ನು ಅಂಟಿಸಿ ಗಟ್ಟಿ ನೆಲದ ಮೇಲೆ ಹಾಸಿ. ಟೈರಿನ ಗೋಡೆಯ ಮೇಲೆ ಸೀಮೆಸುಣ್ಣದಿಂದ ಸಮ ಭಾಗ ಮಾಡಿ ಸಂಖ್ಯೆ ಬರೆಯಿರಿ. ಟ್ರೆಡ್‌ಗೆ ಪೆಟ್ರೋಲಿಯಂ ಜೆಲ್ಲಿಯನ್ನು ತೀರ ತೆಳುವಾಗಿ ಸವರಿ, ವಾಹನವನ್ನು ನಿಧಾನವಾಗಿ ತಳ್ಳಿ ಒಂದು ಪೂರ್ತಿ ಸುತ್ತಿಗಿಂತ ಸ್ವಲ್ಪ ಹೆಚ್ಚು ಉರುಳಿಸಿ. ಒಬ್ಬರು ಪಕ್ಕದಲ್ಲಿ ನಡೆಯುತ್ತಾ ಗೋಡೆಯ ಸಂಖ್ಯೆಗಳನ್ನು ಹಾಳೆಯ ಮೇಲೆ ಗುರುತಿಸುತ್ತಾ ಬರಲಿ. ಆಮೇಲೆ ಹಾಳೆಯ ಮೇಲೆ ಬೆರಳಚ್ಚಿನ ಕಪ್ಪು ಪುಡಿ ಹಚ್ಚಿದರೆ ಗುರುತು ಮೂಡುತ್ತದೆ. ಇದನ್ನೇ ಪಾರದರ್ಶಕ ಫಿಲ್ಮಿನ ಮೇಲೂ ಮಾಡಿ, ಫೋಟೊದ ಮೇಲಿಟ್ಟು ನೋಡಲು ಅದು ಬೇಕು. ಜೆಲ್ಲಿ ಹೆಚ್ಚಾದರೆ ಸಣ್ಣ ಸೀಳುಗಳು ತುಂಬಿಹೋಗುತ್ತವೆ. ಗೆರೆಗಳ ಅಂಚು ಉಬ್ಬಿ ಕಂಡರೆ ಒರೆಸಿ ಮತ್ತೆ ಮಾಡಿ.

## ಹಂತ 9: ಹೋಲಿಕೆ

ಯಾವುದನ್ನು ಯಾವುದರ ಜೊತೆ ಇಡಬೇಕು ಎಂಬುದರಲ್ಲೇ ಹೊಸಬರು ಎಡವುತ್ತಾರೆ. ಎರಕ ಎಂದರೆ ಟೈರಿನ ಪ್ರತಿರೂಪ. ಅದನ್ನು ಟೈರಿನ ಜೊತೆ ನೇರವಾಗಿ ಇಟ್ಟು ನೋಡಬಹುದು. ಮಣ್ಣಿನ ಗುರುತಿನ ಫೋಟೊ ಟೈರಿನ ಕನ್ನಡಿ ಬಿಂಬ. ಅದನ್ನು ಮಾದರಿ ಗುರುತಿನ ಜೊತೆ ಇಡಬೇಕು. ಎರಕವನ್ನು ಚಾರ್ಟ್ ಹಾಳೆಯ ಜೊತೆ ಇಟ್ಟು "ಎಡಬಲ ಹೊಂದುತ್ತಿಲ್ಲ" ಎಂದರೆ ತಪ್ಪು ಟೈರಿನದಲ್ಲ.

ಮೊದಲು ವಿನ್ಯಾಸ. ಅದು ಬೇರೆಯಾದರೆ ಕೆಲಸ ಮುಗಿಯಿತು. ನಂತರ ಅಳತೆ: ಒಂದೇ ವಿನ್ಯಾಸ ಹಲವು ಗಾತ್ರಗಳಲ್ಲಿ ಬರುತ್ತದೆ, ಗೆರೆಗಳ ಸಂಖ್ಯೆ, ಪಟ್ಟಿಗಳ ಅಗಲ ಬದಲಾಗಬಹುದು.

ಮೂರನೆಯದು ಬ್ಲಾಕುಗಳ ಸರಣಿ. ಟ್ರೆಡ್‌ನ ಬ್ಲಾಕುಗಳೆಲ್ಲ ಒಂದೇ ಗಾತ್ರದಲ್ಲಿದ್ದರೆ ಓಡುವಾಗ ಒಂದೇ ಸ್ವರದಲ್ಲಿ ಕಿರುಚುತ್ತವೆ. ಅದಕ್ಕೆಂದೇ ತಯಾರಕರು ಬೇರೆ ಬೇರೆ ಉದ್ದದ ಬ್ಲಾಕುಗಳನ್ನು ಬೆರೆಸಿ ಜೋಡಿಸುತ್ತಾರೆ. ಆ ಕ್ರಮ ಹಿಡಿದು, ಸ್ಥಳದ 60 ಸೆಂ.ಮೀ. ಗುರುತು ಟೈರಿನ ಯಾವ ಭಾಗದ್ದು ಎಂದು ಪತ್ತೆ ಮಾಡಬಹುದು. ಹಂತ 8ರಲ್ಲಿ ಪೂರ್ತಿ ಸುತ್ತು ಬೇಕೆಂದದ್ದು ಇದಕ್ಕೇ. ಈ ಹಂತವನ್ನು ಬಿಟ್ಟು ನೇರವಾಗಿ ಕೊಯ್ತಗಳನ್ನು ಹುಡುಕುವವರು ಟೈರಿನ ತಪ್ಪು ಭಾಗದಲ್ಲಿ ಗಂಟೆಗಟ್ಟಲೆ ಕಳೆಯುತ್ತಾರೆ.

ನಾಲ್ಕನೆಯದು ಸವೆತ. ಗಾಳಿ ಕಡಿಮೆ ಇದ್ದರೆ ಎರಡೂ ಭುಜಗಳು (ಅಂಚುಗಳು), ಹೆಚ್ಚಿದ್ದರೆ ನಡುಭಾಗ, ಅಲೈನ್‌ಮೆಂಟ್ ತಪ್ಪಿದ್ದರೆ ಒಂದೇ ಅಂಚು ಸವೆಯುತ್ತದೆ. ಗೆರೆಯ ತಳದಲ್ಲಿರುವ 1.6 ಮಿ.ಮೀ.ನ ಸವೆತ ಸೂಚಕ ಗುರುತಿನಲ್ಲಿ ಮೂಡಿದ್ದರೆ ಟೈರು ಹಳತು. ಅದೇ ಜಾಗದಲ್ಲಿ ನಿಮ್ಮ ಮುಂದಿರುವ ಅನುಮಾನಿತ ಟೈರಿಗೆ 6 ಮಿ.ಮೀ. ಆಳ ಇದ್ದರೆ ಅದು ಈ ಟೈರು ಆಗಿರಲಾರದು.

ಕೊನೆಯದು ಆಕಸ್ಮಿಕ ಹಾನಿ: ಕೊಯ್ತ, ಕಿತ್ತುಹೋದ ರಬ್ಬರು, ಮೊಳೆ, ಪಂಕ್ಚರ್ ಪ್ಲಗ್. ಜಾಗ, ದಿಕ್ಕು, ಆಕಾರ, ಅಳತೆ ನಾಲ್ಕೂ ಹೊಂದಬೇಕು. ಮಣ್ಣಿನ ಉಂಡೆ, ಗಾಳಿಗುಳ್ಳೆ ಕೂಡ ಎರಕದಲ್ಲಿ ಕೊಯ್ತದಂತೆ ಕಾಣುತ್ತವೆ. ಗಾಳಿಗುಳ್ಳೆಯ ಅಂಚು ನುಣುಪಾಗಿ ದುಂಡಗಿರುತ್ತದೆ. ಅನುಮಾನ ಬಂದರೆ ಮುಂದಿನ ಸುತ್ತಿನಲ್ಲಿ, ಅದೇ ಅಂತರದಲ್ಲಿ ಅದು ಮತ್ತೆ ಮೂಡಿದೆಯೇ ಎಂದು ಫೋಟೊದಲ್ಲಿ ನೋಡಿ. ಕಲ್ಲು ಉದುರಿ ಹೋಗುವ ವಸ್ತು, ಅದರ ಮೇಲೆ ಪೂರ್ತಿ ಭಾರ ಹಾಕಬೇಡಿ.

## ಹಂತ 10: ಅಭಿಪ್ರಾಯ ಬರೆಯುವುದು

"ಹೊಂದುತ್ತದೆ" ಎಂಬ ಒಂದೇ ಪದ ಸಾಲದು. ಗುರುತು ಹೋಲಿಕೆಗೆ ಯೋಗ್ಯವಲ್ಲ; ಈ ಟೈರಿನದಲ್ಲ; ವಿನ್ಯಾಸ ಮತ್ತು ಅಳತೆ ಹೊಂದುತ್ತವೆ, ಆದರೆ ಇಂಥ ಬೇರೆ ಟೈರುಗಳೂ ಇರಬಹುದು; ಜೊತೆಗೆ ಸವೆತ ಮತ್ತು ಕೆಲವು ಹಾನಿಗಳೂ ಹೊಂದುತ್ತವೆ; ಈ ಟೈರೇ. ಹೀಗೆ ಮೆಟ್ಟಿಲುಗಳಿವೆ. ಯಾವ ಮೆಟ್ಟಿಲು, ಯಾಕೆ ಎಂದು ಬರೆಯಿರಿ. ಕೊನೆಯ ಮೆಟ್ಟಿಲಿಗೆ ಏರುವ ಆಸೆ ಎಲ್ಲ ತನಿಖೆಗಳಲ್ಲೂ ಇರುತ್ತದೆ, ಅಲ್ಲಿಗೆ ತಲುಪುವ ಗುರುತು ಮಾತ್ರ ವಿರಳ. ಎಷ್ಟು ಆಕಸ್ಮಿಕ ಲಕ್ಷಣಗಳು ಹೊಂದಿದರೆ "ಇದೇ" ಎನ್ನಬಹುದು ಎಂಬುದಕ್ಕೆ ಒಪ್ಪಿತ ಸಂಖ್ಯೆಯಿಲ್ಲ ಎಂದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ 2009ರ ವರದಿ ಹೇಳಿತ್ತು. ಪಾಟೀಸವಾಲಿನಲ್ಲಿ ಈ ಪ್ರಶ್ನೆ ಬರುತ್ತದೆ.

ಹೊಂದದ ಲಕ್ಷಣಗಳನ್ನೂ ವರದಿಯಲ್ಲಿ ಬರೆಯಿರಿ. ಸವೆತ, ಹೆಚ್ಚುವರಿ ಓಟ, ಮಣ್ಣಿನ ಸ್ವಭಾವದಿಂದ ಅದು ಬಂದಿದ್ದರೆ ಕಾರಣ ಕೊಡಿ. ಕಾರಣ ಸಿಗದ ಒಂದು ಸ್ಪಷ್ಟ ವ್ಯತ್ಯಾಸ ಹತ್ತು ಸಾಮ್ಯಗಳನ್ನು ಮೀರಿಸುತ್ತದೆ. ವರದಿ ಟೈರಿನ ಬಗ್ಗೆ ಮಾತ್ರ ಹೇಳಬೇಕು; ಯಾರು ಓಡಿಸಿದರು, ಯಾವ ಹೊತ್ತಿಗೆ ಓಡಿಸಿದರು ಎಂಬುದು ಗುರುತಿನಿಂದ ತಿಳಿಯುವುದಿಲ್ಲ. ಎರಡನೆಯ ಪರೀಕ್ಷಕರಿಗೆ ನಿಮ್ಮ ತೀರ್ಮಾನ ತಿಳಿಸದೆ ಗುರುತುಗಳನ್ನು ಕೊಟ್ಟು ಅವರ ಅಭಿಪ್ರಾಯ ಪಡೆಯಿರಿ, ಭಿನ್ನವಾಗಿದ್ದರೆ ಅದನ್ನೂ ಕಡತದಲ್ಲಿಡಿ.

ವಾಹನದ ಮಾಲೀಕರು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 497ರ ಅಡಿ ವಾಹನ ಬಿಡಿಸಿಕೊಳ್ಳಲು ಅರ್ಜಿ ಹಾಕುತ್ತಾರೆ, ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪುತ್ತವೆ. ಅರ್ಜಿ ಬಂದ ದಿನವೇ ಹಂತ 7 ಮತ್ತು 8 ಮುಗಿದಿವೆಯೇ ನೋಡಿ. ಮುಗಿದಿಲ್ಲದಿದ್ದರೆ ಸಮಯ ಕೇಳಿ. ಹೊಂದಿದ ಟೈರನ್ನು ಮಾತ್ರ ಮುದ್ದೆಮಾಲಾಗಿ (ಪ್ರಕರಣದ ಸಾಕ್ಷ್ಯ ವಸ್ತುವಾಗಿ) ಉಳಿಸಿಕೊಂಡು, ಬೇರೆ ಟೈರು ಹಾಕಿ ವಾಹನ ಬಿಡಲು ಅನುಮತಿ ಕೋರಿ.